ಸೈಕಲ್ ಫ್ರೇಮ್ ಯಾವುದರದ್ದಿರಬೇಕು, ಸವೆದ ಚೈನಿನ ಜೊತೆ ಏನೇನು ಬದಲಿಸಬೇಕು?

ಹೊಸ ಸೈಕಲ್ ಕೊಳ್ಳಲು ಹೊರಟವರು ಸ್ಟೀಲ್ ಫ್ರೇಮ್ ತೆಗೆದುಕೊಳ್ಳುವುದೋ, ಅಲ್ಯೂಮಿನಿಯಂ ಸಾಕೋ, ಇನ್ನಷ್ಟು ಹಣ ಕೂಡಿಸಿ ಕಾರ್ಬನ್ನಿಗೇ ಹೋಗುವುದೋ ಎಂದು ತೂಗಿ ನೋಡುತ್ತಿರುತ್ತಾರೆ. ಇರುವ ಸೈಕಲ್ಲನ್ನೇ ಉಳಿಸಿಕೊಳ್ಳಬೇಕೆಂದಿರುವವರಿಗೆ ಚೈನೊಂದನ್ನೇ ಬದಲಿಸಿದರೆ ಸಾಕೇ, ಹಿಂದಿನ ಹಲ್ಲುಚಕ್ರಗಳನ್ನೂ ಬದಲಿಸಬೇಕೇ ಎಂಬ ಚಿಂತೆ. ಇವೆರಡನ್ನೂ ಒಟ್ಟಿಗೆ ನೋಡುವುದೇ ಸರಿ ಎಂದು ನಾನು ನಂಬಿದ್ದೇನೆ. ಫ್ರೇಮ್ ಹತ್ತಾರು ವರ್ಷ ಬಾಳುವ ಭಾಗ. ಚೈನು ಮತ್ತು ಹಲ್ಲುಚಕ್ರಗಳು ಸವೆದು ಮುಗಿಯಲೆಂದೇ ಇರುವ ಭಾಗಗಳು. ಇಂದು ಆರಿಸಿದ ಫ್ರೇಮು ಮುಂದೆ ಆ ಸವೆಯುವ ಭಾಗಗಳನ್ನು ಎಷ್ಟು ಸುಲಭವಾಗಿ, ಎಷ್ಟು ಖರ್ಚಿನಲ್ಲಿ ಬದಲಿಸಬಹುದು ಎಂಬುದನ್ನು ಇಂದೇ ತೀರ್ಮಾನಿಸಿಬಿಡುತ್ತದೆ.

ಮೊದಲು ಅಳತೆಗೋಲುಗಳು

ಫ್ರೇಮಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ತೂಕವನ್ನು. ನಾನು ಅದನ್ನು ಕೊನೆಯ ಸಾಲಿನಲ್ಲಿ ಇಡುತ್ತೇನೆ. ಸವಾರರೂ ಸೈಕಲ್ಲೂ ಸೇರಿ 85 ಕಿಲೋ ಇದ್ದರೆ, ಫ್ರೇಮಿನಲ್ಲಿ ಒಂದು ಕಿಲೋ ಉಳಿಸಿದಾಗ ಒಟ್ಟು ಭಾರದಲ್ಲಿ ಇಳಿಯುವುದು ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಮಾತ್ರ. ಕಡಿದಾದ ಏರುಗಳನ್ನು ಗಡಿಯಾರ ನೋಡಿಕೊಂಡು ಹತ್ತುವವರಿಗೆ ಅದು ತಿಳಿಯುತ್ತದೆ. ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಚಕ್ರದ ಗಾಳಿ ಸ್ವಲ್ಪ ಇಳಿದಿರುವುದು ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಫ್ರೇಮಿನ ಅಳತೆ ನಿಮ್ಮ ಮೈಕಟ್ಟಿಗೆ ಒಗ್ಗುತ್ತದೆಯೇ ಎಂಬುದು. ಒಗ್ಗದ ಫ್ರೇಮು ಯಾವುದರದ್ದಾದರೂ ವ್ಯರ್ಥ. ಆಮೇಲೆ ನಾಲ್ಕು ಸಂಗತಿಗಳು ಬರುತ್ತವೆ. ಪೆಟ್ಟು ಬಿದ್ದಾಗ ಅದು ಬಾಗುತ್ತದೆಯೋ, ಬಿರುಕು ಬಿಡುತ್ತದೆಯೋ, ಒಳಗೊಳಗೇ ಒಡೆದು ಹೊರಗೆ ಏನೂ ಆಗದಂತೆ ಕಾಣುತ್ತದೆಯೋ? ಹಾಳಾದರೆ ರಿಪೇರಿ ಮಾಡುವವರು ಸಿಗುತ್ತಾರೆಯೇ? ಮಳೆ, ಬೆವರು, ಉಪ್ಪುಗಾಳಿಗಳನ್ನು ಹೇಗೆ ತಡೆಯುತ್ತದೆ? ಕೊನೆಯದಾಗಿ, ಪೆಡಲಿನ ಅಚ್ಚು ಕೂರುವ ಬಾಟಂ ಬ್ರಾಕೆಟ್, ಹಿಂದಿನ ಚಕ್ರ ಕೂರುವ ಅಂತರ, ಗೇರು ಬದಲಿಸುವಾಗ ಚೈನನ್ನು ಪಕ್ಕಕ್ಕೆ ಸರಿಸುವ ಡಿರೇಲರ್ ನೇತಾಡುವ ಹ್ಯಾಂಗರ್, ಇವೆಲ್ಲ ಎಲ್ಲೆಡೆ ಸಿಗುವ ಅಳತೆಯವೇ ಅಥವಾ ಆ ಒಂದು ಮಾದರಿಗೆ ಮಾತ್ರ ಸೇರಿದವೇ? ಈ ಕೊನೆಯ ಪ್ರಶ್ನೆಯನ್ನು ಕೊಳ್ಳುವಾಗ ಕೇಳುವವರು ತೀರ ಕಡಿಮೆ, ಮೂರು ವರ್ಷವಾದ ಮೇಲೆ ಕೇಳುವವರೇ ಹೆಚ್ಚು.

ಸವಾರಿಯ ಹಿತದ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಸ್ಟೀಲ್ ಮೃದು, ಅಲ್ಯೂಮಿನಿಯಂ ಗಡಸು ಎಂಬ ಮಾತು ಬಹಳ ಹಳೆಯದು. ಆದರೆ ತ್ರಿಕೋನಾಕಾರದ ಫ್ರೇಮು ಯಾವುದರದ್ದಾದರೂ ಮೇಲೆ-ಕೆಳಗೆ ಬಾಗುವುದು ಅತ್ಯಲ್ಪ. ರಸ್ತೆಯ ಕುಲುಕಾಟವನ್ನು ನುಂಗುವುದು ಮುಖ್ಯವಾಗಿ ಟೈರು, ಅದರಲ್ಲಿರುವ ಗಾಳಿಯ ಒತ್ತಡ ಮತ್ತು ಸೀಟು. 25 ಮಿಲಿಮೀಟರ್ ಟೈರಿನ ಬದಲು 32 ಮಿಲಿಮೀಟರಿನದನ್ನು ಹಾಕಿ ಗಾಳಿ ಇಳಿಸಿದರೆ ಸಿಗುವ ಹಿತ, ಫ್ರೇಮಿನ ವಸ್ತುವನ್ನು ಬದಲಿಸಿದರೆ ಸಿಗುವುದಿಲ್ಲ. ಆದ್ದರಿಂದ ಫ್ರೇಮಿನಲ್ಲಿ ಅಗಲ ಟೈರಿಗೆ ಜಾಗವಿದೆಯೇ ಎಂದು ಮೊದಲು ನೋಡಿ.

ಸ್ಟೀಲ್

ಸ್ಟೀಲ್ ಎಂದರೆ ಒಂದೇ ಬಗೆಯದಲ್ಲ. ಅಗ್ಗದ ಸೈಕಲ್ಲುಗಳಲ್ಲಿ ಇರುವ ಹೈ-ಟೆನ್ಸೈಲ್ ಸ್ಟೀಲಿನ ಕೊಳವೆಗಳು ದಪ್ಪ, ಆದ್ದರಿಂದ ಭಾರ. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಕ್ರೋಮೋಲಿ ಸ್ಟೀಲು ಹೆಚ್ಚು ಬಲವುಳ್ಳದ್ದಾದ್ದರಿಂದ ಕೊಳವೆಯ ಗೋಡೆಯನ್ನು ತೆಳುವಾಗಿಸಬಹುದು. ಬೆಸುಗೆ ಬೀಳುವ ತುದಿಗಳಲ್ಲಿ 0.9 ಮಿಲಿಮೀಟರ್ ದಪ್ಪ ಉಳಿಸಿ ನಡುವೆ 0.6ಕ್ಕೆ ಇಳಿಸಿದ ಕೊಳವೆಗಳು ಸಾಮಾನ್ಯ. ಇದಕ್ಕೆ ಬಟ್ಟಿಂಗ್ ಎನ್ನುತ್ತಾರೆ. ಹೀಗೆ ಮಾಡಿದ ಒಳ್ಳೆಯ ಫ್ರೇಮು ಎರಡು ಕಿಲೋದ ಆಸುಪಾಸು ತೂಗುತ್ತದೆ.

ಸ್ಟೀಲಿನ ದೊಡ್ಡ ಗುಣವೆಂದರೆ ಅದು ಮೊದಲೇ ಸೂಚನೆ ಕೊಡುತ್ತದೆ. ಅತಿಯಾದ ಪೆಟ್ಟಿಗೆ ಬಾಗುತ್ತದೆ, ಬಣ್ಣ ಸುಕ್ಕುಗಟ್ಟುತ್ತದೆ, ಬಿರುಕು ಬಿಟ್ಟರೂ ನಿಧಾನವಾಗಿ ಹರಡುತ್ತದೆ, ಮತ್ತು ಬೆಸುಗೆ ಬಲ್ಲವರು ಅದನ್ನು ಸರಿಪಡಿಸಬಲ್ಲರು. ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಲಕ್ಷ ಸಲ ಹೇರಿದರೂ ಸ್ಟೀಲು ದಣಿದು ಮುರಿಯುವುದಿಲ್ಲ. ಈ ಗುಣ ಅಲ್ಯೂಮಿನಿಯಮ್ಮಿಗೆ ಇಲ್ಲ. ಇನ್ನೂ ಒಂದು ಅನುಕೂಲ ಚೈನು-ಗೇರಿನ ಕಡೆಯಿಂದ ಬರುತ್ತದೆ. ಹಳೆಯ ಆರು-ಏಳು ಗೇರಿನ ರೋಡ್ ಸೈಕಲ್ಲುಗಳಲ್ಲಿ ಹಿಂದಿನ ಚಕ್ರ ಕೂರುವ ಅಂತರ 126 ಮಿಲಿಮೀಟರ್. ಆಮೇಲೆ ಬಂದವುಗಳಲ್ಲಿ 130. ಸ್ಟೀಲ್ ಫ್ರೇಮಿನಲ್ಲಿ, ನುರಿತ ಕೈ ಎರಡೂ ಬದಿಯನ್ನು ಸಮನಾಗಿ ಅಗಲಿಸಿ ಹೊಸ ಚಕ್ರವನ್ನು ಕೂರಿಸಬಹುದು. ಅಲ್ಯೂಮಿನಿಯಂ ಅಥವಾ ಕಾರ್ಬನ್ನಿನಲ್ಲಿ ಈ ಪ್ರಯತ್ನವನ್ನು ಎಂದೂ ಮಾಡಕೂಡದು.

ತುಕ್ಕು ಇದರ ಶತ್ರು, ಅದೂ ಒಳಗಿನ ತುಕ್ಕು. ನನ್ನ ಒಂದು ಸ್ಟೀಲ್ ಫ್ರೇಮಿನಲ್ಲಿ ಸೀಟಿನ ಕಂಬವನ್ನು ಎರಡು ವರ್ಷ ಕದಲಿಸದೆ ಬಿಟ್ಟಿದ್ದೆ. ತೆಗೆಯಹೋದಾಗ ಅಲ್ಯೂಮಿನಿಯಂ ಕಂಬವೂ ಸ್ಟೀಲಿನ ಕೊಳವೆಯೂ ಒಂದಕ್ಕೊಂದು ಕಚ್ಚಿಕೊಂಡು, ಎಣ್ಣೆ ಬಿಟ್ಟು ಎರಡು ದಿನ ಕಾದು, ಸೀಟನ್ನೇ ಹಿಡಿಯಾಗಿ ಹಿಡಿದು ತಿರುಚಿದ ಮೇಲೆ, ಬಿಳಿಯ ಪುಡಿ ಉದುರಿಸುತ್ತ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿದು ಹೊರಬಂತು. ಅಂದಿನಿಂದ ವರ್ಷಕ್ಕೊಮ್ಮೆ ಕಂಬ ತೆಗೆದು ಒರೆಸಿ ಗ್ರೀಸ್ ಹಚ್ಚುವುದನ್ನು ತಪ್ಪಿಸಿಲ್ಲ.

ಅಲ್ಯೂಮಿನಿಯಂ

ಅಲ್ಯೂಮಿನಿಯಮ್ಮಿನ ಸಾಂದ್ರತೆ ಸ್ಟೀಲಿನ ಮೂರನೇ ಒಂದರಷ್ಟು. ಅದರ ಬಿಗಿತವೂ ಮೂರನೇ ಒಂದರಷ್ಟೇ. ಹಾಗಾದರೆ ಲಾಭವೇನು ಎಂದು ಕೇಳಬಹುದು. ಲಾಭವಿರುವುದು ಕೊಳವೆಯ ಗಾತ್ರದಲ್ಲಿ. ಗೋಡೆಯ ದಪ್ಪವನ್ನು ಹಾಗೇ ಇಟ್ಟು ತೆಳು ಕೊಳವೆಯೊಂದರ ವ್ಯಾಸವನ್ನು ಎರಡುಪಟ್ಟು ಮಾಡಿದರೆ ಅದರ ಬಿಗಿತ ಸುಮಾರು ಎಂಟುಪಟ್ಟಾಗುತ್ತದೆ. ಸ್ಟೀಲಿನಲ್ಲಿ ಹಾಗೆ ದಪ್ಪ ಕೊಳವೆ ಮಾಡಹೋದರೆ ಒಂದೋ ಭಾರವಾಗುತ್ತದೆ, ಇಲ್ಲವೇ ಗೋಡೆ ಡಬ್ಬದ ತಗಡಿನಂತೆ ತೆಳುವಾಗಿ ನುಗ್ಗಾಗುತ್ತದೆ. ಅಲ್ಯೂಮಿನಿಯಂ ಹಗುರವಾದ್ದರಿಂದ ದಪ್ಪ ಗೋಡೆಯ ದಪ್ಪ ಕೊಳವೆ ಸಾಧ್ಯ. ಆ ಫ್ರೇಮುಗಳು ಉಬ್ಬಿದ ಕೊಳವೆಗಳಿಂದ ಕೂಡಿರುವುದಕ್ಕೆ ಇದೇ ಕಾರಣ. ಒಳ್ಳೆಯದೊಂದು ಒಂದೂವರೆ ಕಿಲೋದ ಆಚೀಚೆ ಇರುತ್ತದೆ.

ಸೈಕಲ್ಲುಗಳಲ್ಲಿ ಹೆಚ್ಚಾಗಿ ಕಾಣುವ ಮಿಶ್ರಲೋಹಗಳು 6061 ಮತ್ತು 7005. ಎರಡಕ್ಕೂ ಬೆಸುಗೆಯ ನಂತರ ಕಾಯಿಸುವ ಸಂಸ್ಕಾರ ಬೇಕು, 6061ಕ್ಕೆ ಇನ್ನೂ ಹೆಚ್ಚು. ಮುರಿದ ಅಲ್ಯೂಮಿನಿಯಂ ಫ್ರೇಮನ್ನು ಬೀದಿಬದಿಯ ಬೆಸುಗೆಯಲ್ಲಿ ಕೂಡಿಸಿದರೆ ಬಾಳದಿರುವುದು ಇದರಿಂದಲೇ. ಸುತ್ತಲಿನ ಲೋಹ ಬಿಸಿಗೆ ಮೆತ್ತಗಾಗಿ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಬಿರುಕು ಕಂಡ ದಿನ ಆ ಫ್ರೇಮಿನ ಕೊನೆಯ ದಿನ ಎಂದುಕೊಳ್ಳುವುದು ಕ್ಷೇಮ. ಹ್ಯಾಂಡಲ್ಲಿನ ಕಂಬ ಹಾಯುವ ಹೆಡ್ ಟ್ಯೂಬಿನ ಹಿಂದೆ ಕೆಳಕೊಳವೆಯ ಅಡಿಭಾಗ, ಬಾಟಂ ಬ್ರಾಕೆಟ್ಟಿನ ಸುತ್ತ, ಸೀಟಿನ ಕಂಬ ಒಳಸೇರುವ ಜಾಗ, ಈ ಮೂರನ್ನು ತೊಳೆದಾಗಲೆಲ್ಲ ಬೆಳಕಿಗೆ ಹಿಡಿದು ನೋಡಬೇಕು. ಇಷ್ಟೆಲ್ಲ ಹೇಳಿದ ಮೇಲೂ, ಕೊಡುವ ಹಣಕ್ಕೆ ಅತಿ ಹೆಚ್ಚು ಸೈಕಲ್ ಕೊಡುವುದು ಅಲ್ಯೂಮಿನಿಯಮ್ಮೇ ಎಂದು ನಾನು ಹೇಳಬಲ್ಲೆ: ತುಕ್ಕಿನ ಭಯವಿಲ್ಲ, ಬೆಲೆ ಹಿತ, ತೂಕ ಹಿತ, ಉಳಿದ ಹಣವನ್ನು ಚಕ್ರಕ್ಕೂ ಟೈರಿಗೂ ಹಾಕಬಹುದು.

ಕಾರ್ಬನ್, ಟೈಟಾನಿಯಂ

ಕಾರ್ಬನ್ ಫೈಬರ್ ಲೋಹವಲ್ಲ, ಎಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ಪದರ ಪದರವಾಗಿ ಕೂರಿಸಿದ ಕಟ್ಟು. ಎಳೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿನಲ್ಲಿ ಬಲ. ಆದ್ದರಿಂದ ತಯಾರಕರು ಬೇಕಾದ ಕಡೆ ಬಿಗಿತ, ಬೇಕಾದ ಕಡೆ ಬಾಗುವಿಕೆ ಇಡಬಲ್ಲರು, ಮತ್ತು ಫ್ರೇಮನ್ನು ಒಂದು ಕಿಲೋದ ಸುತ್ತಮುತ್ತ, ದುಬಾರಿಯವುಗಳಲ್ಲಿ ಅದಕ್ಕಿಂತ ಕೆಳಗೆ, ಇಳಿಸಬಲ್ಲರು. ಸವಾರಿಯ ಹೊರೆಯನ್ನು ಅದು ಚೆನ್ನಾಗಿಯೇ ಹೊರುತ್ತದೆ. ಹೊರಲಾರದ್ದು ಎರಡು: ಒಂದೇ ಬಿಂದುವಿಗೆ ಬೀಳುವ ಪೆಟ್ಟು ಮತ್ತು ಅತಿಯಾದ ಹಿಡಿತ. ಕಲ್ಲಿನ ಅಂಚಿಗೆ ಬಿದ್ದ ಕೊಳವೆ ಹೊರಗೆ ಗೀರಿನಂತೆ ಕಂಡು ಒಳಪದರ ಬಿಟ್ಟುಕೊಂಡಿರಬಹುದು. ಸೀಟಿನ ಕ್ಲ್ಯಾಂಪಿಗೆ ಸಾಮಾನ್ಯವಾಗಿ 5 ನ್ಯೂಟನ್-ಮೀಟರಿನ ಆಸುಪಾಸು ಎಂದು ಅದರ ಮೇಲೆಯೇ ಬರೆದಿರುತ್ತದೆ. ಎಷ್ಟು ಬಿಗಿದಿದೆ ಎಂದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದರೆ ಫ್ರೇಮು ಬಿರಿಯಬಹುದು. ಚೈನು ಒಳಗೆ ಬಿದ್ದು, ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರವಾದ ಚೈನ್‌ರಿಂಗಿಗೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡರೆ ಸ್ಟೀಲಿಗೆ ಬಣ್ಣ ಹೋಗುತ್ತದೆ, ಕಾರ್ಬನ್ನಿಗೆ ಎಳೆಯೇ ಕೊರೆದುಹೋಗುತ್ತದೆ. ಕಾರ್ಬನ್ ಸವಾರರು ಸವೆದ ಚೈನ್‌ರಿಂಗನ್ನು ಬದಲಿಸುವುದನ್ನು ಮುಂದೂಡಬಾರದೆಂದು ಹೇಳುವುದು ಇದಕ್ಕೇ. ರಿಪೇರಿ ಸಾಧ್ಯ, ಆದರೆ ಅದರಲ್ಲೇ ಪಳಗಿದವರಿಂದ ಮಾತ್ರ. ಹಿಂದಿನ ಕಥೆ ತಿಳಿಯದ ಸೆಕೆಂಡ್ ಹ್ಯಾಂಡ್ ಕಾರ್ಬನ್ ಫ್ರೇಮನ್ನು ನಾನಂತೂ ಕೊಳ್ಳುವುದಿಲ್ಲ.

ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಬಣ್ಣವೂ ಬೇಡ, ಸ್ಟೀಲಿನಂತೆ ದಣಿವನ್ನು ತಾಳುತ್ತದೆ, ಅದಕ್ಕಿಂತ ಹಗುರ. ಬೆಸೆಯುವಾಗ ಗಾಳಿಯ ಆಮ್ಲಜನಕ ಸೋಕದಂತೆ ಆರ್ಗಾನ್ ಅನಿಲದ ರಕ್ಷಣೆ ಬೇಕಾದ್ದರಿಂದ ದುಬಾರಿ. ಒಂದೇ ಸೈಕಲ್ಲನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಮನಸ್ಸೂ ಹಣವೂ ಇರುವವರಿಗೆ ಅದು.

ಯಾರಿಗೆ ಯಾವುದು

ಹೊರೆ ಹೊತ್ತು ದೂರ ಹೋಗುವವರಿಗೆ, ರಿಪೇರಿ ಅಂಗಡಿಗಳು ವಿರಳವಾಗಿರುವ ದಾರಿ ಹಿಡಿಯುವವರಿಗೆ ಕ್ರೋಮೋಲಿ. ದಿನದ ಓಡಾಟಕ್ಕೆ, ಮಳೆಯಲ್ಲಿ ಹೊರಗೇ ನಿಲ್ಲುವ ಸೈಕಲ್ಲಿಗೆ, ಮಿತವಾದ ಬಜೆಟ್ಟಿಗೆ ಅಲ್ಯೂಮಿನಿಯಂ. ಸ್ಪರ್ಧೆಗೆ, ಏರು ಹತ್ತುವ ಆಸೆಗೆ ಕಾರ್ಬನ್, ಆದರೆ ಬಿದ್ದ ದಿನ ಅದನ್ನು ಪರೀಕ್ಷೆ ಮಾಡಿಸುವ, ಬೇಕಾದರೆ ಬದಲಿಸುವ ಶಕ್ತಿ ಇದ್ದರೆ. ಇದ್ದ ಹಣವನ್ನೆಲ್ಲ ಫ್ರೇಮಿಗೇ ಸುರಿದು ಚಕ್ರ, ಬ್ರೇಕು, ಗೇರುಗಳಲ್ಲಿ ಕೈ ಬಿಗಿಹಿಡಿದ ಅಗ್ಗದ ಕಾರ್ಬನ್ ಸೈಕಲ್ಲಿಗಿಂತ, ಅದೇ ಬೆಲೆಯ ಅಲ್ಯೂಮಿನಿಯಂ ಸೈಕಲ್ಲು ಪ್ರತಿಸಲವೂ ಮೇಲು.

ಯಾವುದನ್ನು ಆರಿಸಿದರೂ ಕೊಳ್ಳುವ ಮುಂಚೆ ಬಗ್ಗಿ ಎರಡು ಜಾಗ ನೋಡಿ. ಬಾಟಂ ಬ್ರಾಕೆಟ್ ಥ್ರೆಡ್ ಇರುವಂಥದೋ, ಒತ್ತಿ ಕೂರಿಸುವಂಥದೋ? ಒತ್ತಿ ಕೂರಿಸುವ ಬಗೆಯಲ್ಲಿ ಫ್ರೇಮಿನ ತೂತು ಒಂದಿಷ್ಟು ಓರೆಯಾಗಿದ್ದರೂ ಪೆಡಲು ತುಳಿದಾಗಲೆಲ್ಲ ಕಿರುಗುಟ್ಟುತ್ತದೆ. 68 ಮಿಲಿಮೀಟರ್ ಅಗಲದ ಇಂಗ್ಲಿಷ್ ಥ್ರೆಡ್ಡಿನ ಬಾಟಂ ಬ್ರಾಕೆಟ್ಟುಗಳಾದರೆ ಎಲ್ಲೆಡೆ ಸಿಗುತ್ತವೆ, ಸಾಧಾರಣ ಸಾಧನಗಳಿಂದಲೇ ಬಿಚ್ಚಬಹುದು. ಎರಡನೆಯದು ಡಿರೇಲರ್ ಹ್ಯಾಂಗರ್. ಸ್ಟೀಲಿನಲ್ಲಿ ಅದು ಸಾಮಾನ್ಯವಾಗಿ ಫ್ರೇಮಿನದೇ ಭಾಗವಾಗಿದ್ದು, ಬಾಗಿದರೆ ತಿರುಗಿ ನೆಟ್ಟಗೆ ಮಾಡಬಹುದು. ಅಲ್ಯೂಮಿನಿಯಂ ಮತ್ತು ಕಾರ್ಬನ್ನಿನಲ್ಲಿ ಬೇರೆ ತುಂಡಾಗಿ ಬೋಲ್ಟಿನಿಂದ ಕೂತಿರುತ್ತದೆ, ಮಾದರಿಗೊಂದು ಆಕಾರ. ಸೈಕಲ್ ಕೊಂಡ ದಿನವೇ ಇನ್ನೊಂದು ಹ್ಯಾಂಗರನ್ನು ಕೊಂಡಿಟ್ಟುಕೊಳ್ಳಿ. ಐದು ವರ್ಷದ ಮೇಲೆ ಆ ಆಕಾರ ಸಿಗದೆ ಇಡೀ ಸೈಕಲ್ಲು ಮೂಲೆ ಸೇರಬಹುದು.

ಚೈನಿನ ಸವೆತವನ್ನು ಅಳೆಯುವುದು

ಚೈನು ಎಳೆದು ಉದ್ದವಾಗುತ್ತದೆ ಎಂಬುದು ರೂಢಿಯ ಮಾತು. ಅದರ ತಟ್ಟೆಗಳು ಹಿಗ್ಗುವುದಿಲ್ಲ. ಪಿನ್ನೂ ಅದು ತಿರುಗುವ ಕಣ್ಣೂ ಧೂಳು ಬೆರೆತ ಎಣ್ಣೆಯಲ್ಲಿ ಉಜ್ಜಿಕೊಂಡು ಸವೆದು, ಒಂದೊಂದು ಕೊಂಡಿಯಲ್ಲಿ ಚೂರು ಚೂರು ಸಡಿಲವಾಗಿ, ಒಟ್ಟು ಉದ್ದ ಬೆಳೆಯುತ್ತದೆ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಸ್ಟೀಲಿನ ಅಡಿಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು, ಚೈನನ್ನು ಬಿಗಿಯಾಗಿ ಎಳೆದು ನೋಡಿದರೆ, 12 ಇಂಚಿನ ಗೆರೆ ಸರಿಯಾಗಿ, ಆ ಮೊದಲ ಪಿನ್ನನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೆಯ ಪಿನ್ನಿನ ನಡುವೆ ಬೀಳಬೇಕು. ಪಿನ್ನು ಆ ಗೆರೆಯನ್ನು ಒಂದೂವರೆ ಮಿಲಿಮೀಟರ್ ದಾಟಿದ್ದರೆ ಸವೆತ ಶೇಕಡಾ 0.5, ಮೂರು ಮಿಲಿಮೀಟರ್ ದಾಟಿದ್ದರೆ ಶೇಕಡಾ ಒಂದು.

ಹನ್ನೊಂದು-ಹನ್ನೆರಡು ಗೇರಿನ ತೆಳು ಚೈನನ್ನು 0.5ಕ್ಕೆ ಬದಲಿಸಬೇಕು, ಹತ್ತು ಮತ್ತು ಅದಕ್ಕಿಂತ ಕಡಿಮೆ ಗೇರಿನದು 0.75ರವರೆಗೆ ತಡೆಯುತ್ತದೆ, ಒಂದೇ ಗೇರಿನ ದಪ್ಪ ಚೈನನ್ನು ಶೇಕಡಾ ಒಂದರವರೆಗೂ ಓಡಿಸಬಹುದು. ಕಿಲೋಮೀಟರ್ ಲೆಕ್ಕವನ್ನು ನಂಬಬೇಡಿ. ಒಣ ರಸ್ತೆಯಲ್ಲಿ ಒರೆಸಿಕೊಂಡು ಓಡಿಸಿದ ಚೈನೂ ಕೆಸರಿನಲ್ಲಿ ಎಣ್ಣೆಯ ಮೇಲೆ ಎಣ್ಣೆ ಸುರಿಸಿಕೊಂಡು ಓಡಿದ ಚೈನೂ ಒಂದೇ ದೂರಕ್ಕೆ ಸವೆಯುವುದಿಲ್ಲ.

ಚೈನೊಂದೋ, ಕ್ಯಾಸೆಟ್ಟೂ ಸೇರಿಯೋ

ಹಿಂದಿನ ಹಲ್ಲುಚಕ್ರಗಳ ಗುಚ್ಛವೇ ಕ್ಯಾಸೆಟ್. ಉದ್ದವಾದ ಚೈನು ಅದರ ಹಲ್ಲಿನ ತಳದಲ್ಲಿ ಕೂರದೆ ಮೇಲಕ್ಕೆ ಏರುತ್ತದೆ. ಹೊರೆ ಎಲ್ಲ ಹಲ್ಲುಗಳಿಗೂ ಹಂಚಿಹೋಗದೆ ಕೆಲವೇ ಹಲ್ಲುಗಳ ಮೇಲೆ ಬಿದ್ದು, ಹಲ್ಲಿನ ಸಂದು ಚೈನಿನ ಉದ್ದಕ್ಕೆ ಹೊಂದುವಂತೆ ಅಗಲವಾಗುತ್ತದೆ. ಹೀಗೆ ಎರಡೂ ಜೊತೆಗೇ ಸವೆದಾಗ ಸವಾರರಿಗೆ ಏನೂ ತೊಂದರೆ ಕಾಣುವುದಿಲ್ಲ. ತೊಂದರೆ ಶುರುವಾಗುವುದು ಹೊಸ ಚೈನು ಹಾಕಿದ ದಿನ. ಬಹಳ ಹಿಂದೆ ನಾನು ಕ್ಯಾಸೆಟ್ ಉಳಿಸುವ ಆಸೆಯಿಂದ ಚೈನೊಂದನ್ನೇ ಬದಲಿಸಿ, ಏರಿನಲ್ಲಿ ಎದ್ದು ನಿಂತು ತುಳಿದಾಗ ಚೈನು ಹಲ್ಲಿನ ಮೇಲೆ ಹಾರಿ, ಪೆಡಲು ಒಮ್ಮೆಲೇ ಕೆಳಗೆ ಕುಸಿದು, ಎದೆ ಹ್ಯಾಂಡಲ್ಲಿಗೆ ಬಡಿಯಿತು. ಮನೆಗೆ ಬಂದು ಹಳೆಯ ಚೈನನ್ನೂ ಬಿಚ್ಚಿ ತೆಗೆದ ಹೊಸ ಚೈನನ್ನೂ ಒಂದೇ ಮೊಳೆಗೆ ನೇತುಹಾಕಿ ನೋಡಿದೆ. ಕೊಂಡಿಗಳ ಎಣಿಕೆ ಒಂದೇ ಇದ್ದರೂ ಹಳೆಯದು ಬೆರಳಗಲದಷ್ಟು ಕೆಳಗೆ ಇಳಿದಿತ್ತು. ಹೊಸ ಚೈನನ್ನು ಕತ್ತರಿಸುವಾಗ ಹಳೆಯದರ ಪಕ್ಕಕ್ಕೆ ಹಿಡಿದು ಅಳೆಯದೆ ಕೊಂಡಿಗಳನ್ನೇ ಎಣಿಸಬೇಕೆಂಬುದೂ ಅಲ್ಲಿಂದಲೇ ನನಗೆ ತಿಳಿದದ್ದು.

ಆದ್ದರಿಂದ ಮೂರು ದಾರಿಗಳಿವೆ. ಚೈನನ್ನು ಹೇಳಿದ ಮಿತಿಯಲ್ಲೇ ಬದಲಿಸುತ್ತ ಹೋದರೆ ಒಂದು ಕ್ಯಾಸೆಟ್ಟು ಎರಡು-ಮೂರು ಚೈನು ಬಾಳುತ್ತದೆ; ದುಬಾರಿ ಕ್ಯಾಸೆಟ್ ಇರುವವರಿಗೆ ಇದೇ ಸರಿ. ಎರಡನೆಯದು, ಚೈನು, ಕ್ಯಾಸೆಟ್ ಎರಡನ್ನೂ ಹಾರತೊಡಗುವವರೆಗೆ ಓಡಿಸಿ ಒಟ್ಟಿಗೆ ಬಿಸಾಡುವುದು. ಏಳು-ಎಂಟು ಗೇರಿನ, ಭಾಗಗಳೆಲ್ಲ ಅಗ್ಗವಾದ ಸೈಕಲ್ಲಿಗೆ ಇದು ತಪ್ಪಲ್ಲ, ಅಳೆಯುವ ಗೋಜೂ ಇಲ್ಲ. ಆದರೆ ಕೊನೆಗೊಮ್ಮೆ ಮುಂದಿನ ಚೈನ್‌ರಿಂಗೂ ಹೋಗುತ್ತದೆ. ಮೂರನೆಯದು, ಮೂರು ಚೈನುಗಳನ್ನು ಮೊದಲೇ ಕೊಂಡು ಸರದಿಯಲ್ಲಿ ಹಾಕುತ್ತ ಎಲ್ಲವನ್ನೂ ಸಮನಾಗಿ ಸವೆಸುವುದು. ಕಾಯಿಸಿದ ಮೇಣದಲ್ಲಿ ಚೈನನ್ನು ಅದ್ದಿ ಬಳಸುವವರಿಗೆ ಈ ಕ್ರಮ ಹೊಂದುತ್ತದೆ, ಒಂದು ಓಡುತ್ತಿರುವಾಗ ಇನ್ನೊಂದನ್ನು ಸಿದ್ಧಪಡಿಸಬಹುದು.

ಕ್ಯಾಸೆಟ್ ಕೊಳ್ಳುವಾಗ ಹೆಚ್ಚು ಬೆಲೆಯದು ಹೆಚ್ಚು ಬಾಳುತ್ತದೆ ಎಂದು ತಿಳಿಯಬೇಡಿ. ಮೇಲ್ದರ್ಜೆಯವುಗಳಲ್ಲಿ ತೂಕ ಇಳಿಸಲು ದೊಡ್ಡ ಹಲ್ಲುಚಕ್ರಗಳನ್ನು ಅಲ್ಯೂಮಿನಿಯಮ್ಮಿನಲ್ಲೋ ಟೈಟಾನಿಯಮ್ಮಿನಲ್ಲೋ ಮಾಡಿರುತ್ತಾರೆ, ಅವು ಸ್ಟೀಲಿಗಿಂತ ಬೇಗ ಸವೆಯುತ್ತವೆ. ಮಧ್ಯಮ ದರ್ಜೆಯ ಪೂರ್ತಿ ಸ್ಟೀಲಿನ ಕ್ಯಾಸೆಟ್ಟು ತುಸು ಭಾರವಾದರೂ ಬಾಳಿಕೆಯಲ್ಲಿ ಗೆಲ್ಲುತ್ತದೆ. ಚೈನಿನ ವಿಷಯದಲ್ಲಿ ಗೇರಿನ ಸಂಖ್ಯೆ ಹೊಂದಲೇಬೇಕು: ಎಂಟು ಗೇರಿನ ಚೈನಿನ ಅಗಲ ಸುಮಾರು 7.1 ಮಿಲಿಮೀಟರ್, ಹನ್ನೊಂದರದ್ದು 5.5ರ ಹತ್ತಿರ. ಹನ್ನೆರಡು ಗೇರಿನವುಗಳಲ್ಲಿ ತಯಾರಕರ ನಡುವೆಯೇ ಹೊಂದಾಣಿಕೆ ಇಲ್ಲದವು ಇವೆ.

ಸವೆದದ್ದನ್ನು ಬದಲಿಸುವ ನೆಪದಲ್ಲಿ ಗೇರು ಹೆಚ್ಚಿಸುವ ಆಸೆ ಸಹಜ. ಶಿಮಾನೊ ಕಂಪನಿಯ ಹಬ್ಬುಗಳಲ್ಲಿ (ಚಕ್ರದ ನಡುಭಾಗ) ಎಂಟರಿಂದ ಹತ್ತು ಗೇರಿನ ಕ್ಯಾಸೆಟ್ಟು ಒಂದೇ ಫ್ರೀಹಬ್ಬಿನ, ಅಂದರೆ ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗದ, ಮೇಲೆ ಕೂರುತ್ತದೆ. ಹನ್ನೊಂದರ ರೋಡ್ ಕ್ಯಾಸೆಟ್ಟಿಗೆ 1.85 ಮಿಲಿಮೀಟರ್ ಹೆಚ್ಚು ಉದ್ದದ ಫ್ರೀಹಬ್ ಬೇಕು, ಅಂದರೆ ಹಲವು ಸಲ ಹೊಸ ಚಕ್ರವೇ ಬೇಕು, ಅದರೊಡನೆ ಗೇರು ಬದಲಿಸುವ ಲಿವರೂ ಡಿರೇಲರೂ ಬೇಕು. ಮನಸ್ಸಿಗೆ ತೀರ ಬೇಕೆನಿಸಿದ ಹೊರತು ಇದ್ದದ್ದರ ಜಾಗಕ್ಕೆ ಅಂಥದನ್ನೇ ಹಾಕುವುದು ಮಿತವ್ಯಯ.

ಹಳೆಯ ಸ್ಟೀಲ್ ಸೈಕಲ್ಲಿಗೆ ಇಷ್ಟೆಲ್ಲ ಖರ್ಚು ಯೋಗ್ಯವೇ ಎಂಬ ಅನುಮಾನವಿದ್ದರೆ ಚೈನು ಕೊಳ್ಳುವುದಕ್ಕೂ ಮುಂಚೆ ಬಾಟಂ ಬ್ರಾಕೆಟ್ಟನ್ನು ಬಿಚ್ಚಿಸಿ. ಇಂಗ್ಲಿಷ್ ಥ್ರೆಡ್ಡಿನದಾದರೆ ಚೈನಿನ ಬದಿಯದು ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಬಿಗಿದು ಬಿಗಿದು ಥ್ರೆಡ್ ಕಿತ್ತವರಿದ್ದಾರೆ. ಅದು ಬಿಚ್ಚಿಕೊಂಡು, ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಂದು ಬಣ್ಣದ ತೆಳು ಪೊರೆಯಷ್ಟೇ ಇದ್ದು, ಸೀಟಿನ ಕಂಬವೂ ಕದಲಿ, ಬೆಸುಗೆಗಳ ಬಳಿ ಬಿರುಕಿಲ್ಲದಿದ್ದರೆ ಚೈನು, ಕ್ಯಾಸೆಟ್, ಚೈನ್‌ರಿಂಗ್ ಮೂರನ್ನೂ ಧೈರ್ಯವಾಗಿ ಹೊಸದಾಗಿ ಹಾಕಿಸಬಹುದು. ಒಳಗಿನಿಂದ ತುಕ್ಕು ಪದರ ಪದರವಾಗಿ ಉದುರಿ ಬಂದರೆ ಆ ಹಣವನ್ನು ಮುಂದಿನ ಫ್ರೇಮಿಗೆ ಇಟ್ಟುಕೊಳ್ಳಿ.